ದಿನಾ ವಾಕಿಂಗ್ ಮಾಡಿದರೆ ಹೃದಯಕ್ಕೆ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡುತ್ತೇನೆ, ಆಮೇಲೆ ಸಂಜೆವರೆಗೂ ಕುರ್ಚಿಯಲ್ಲೇ ಕೆಲಸ. ಅಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಮನೆಯಲ್ಲಿ ಬಿಪಿ ನೋಡಿದರೆ ಒಮ್ಮೆ 128, ಇನ್ನೊಮ್ಮೆ 146 ತೋರಿಸುತ್ತೆ. ಯಾವುದನ್ನು ನಂಬಲಿ? ವಾಕಿಂಗ್ ಒಂದೇ ಸಾಕಾ?

ಉತ್ತರ: ವಾಕಿಂಗ್ ಬಿಡಲೇಬೇಡಿ. ವಾರಕ್ಕೆ ಕನಿಷ್ಠ 150 ನಿಮಿಷ ಬೇಕು, ನಿಮ್ಮದು ಅದನ್ನು ದಾಟುತ್ತದೆ. ಆದರೆ ನಡಿಗೆ ಚುರುಕಾಗಿರಲಿ: ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು. ನನಗೆ ಚಿಂತೆ ಇರುವುದು ಉಳಿದ ಹೊತ್ತಿನ ಬಗ್ಗೆ. 1953ರಲ್ಲೇ ಲಂಡನ್ನಿನ ಬಸ್ ನೌಕರರನ್ನು ನೋಡಿದಾಗ, ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಹಾಗಾಗಿ ಗಂಟೆಗೊಮ್ಮೆ ಎದ್ದು ಓಡಾಡಿ, ಫೋನ್ ಬಂದರೆ ನಡೆಯುತ್ತಲೇ ಮಾತಾಡಿ, ಲಿಫ್ಟ್ ಬಿಡಿ.

ಬಿಪಿ ವಿಷಯಕ್ಕೆ ಬರೋಣ. ಬಿಪಿ ಏರಿದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು. ಆದರೆ ಎಷ್ಟೋ ಜನ ಮೆಟ್ಟಿಲು ಹತ್ತಿ ಬಂದು, ಕಾಲ ಮೇಲೆ ಕಾಲು ಹಾಕಿಕೊಂಡು, ಪಕ್ಕದವರ ಹತ್ತಿರ ಮಾತಾಡುತ್ತಲೇ ಬಟನ್ ಒತ್ತುತ್ತಾರೆ, ಆಮೇಲೆ ನಂಬರ್ ನೋಡಿ ಹೆದರುತ್ತಾರೆ. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಬೆನ್ನು ಒರಗಿಸಿ, ಪಾದ ನೆಲಕ್ಕಿಟ್ಟು 5 ನಿಮಿಷ ಸುಮ್ನೆ ಕೂತುಕೊಳ್ಳಿ. ಪಟ್ಟಿಯನ್ನು ಬಟ್ಟೆ ಮೇಲೆ ಸುತ್ತಬೇಡಿ. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿ, ಜೋತು ಬಿದ್ದರೆ ನಂಬರ್ ಜಾಸ್ತಿ ಬರುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಹೀಗೆ ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಡಿ. ಒಂದೊಂದು ನಂಬರ್ ಹಿಡಿದು ಕೂರಬೇಡಿ, ಸರಾಸರಿ ನೋಡಿ. ಅದು 135/85 ಅಥವಾ ಅದಕ್ಕಿಂತ ಮೇಲಿದ್ದರೆ ಆ ಚೀಟಿ ಹಿಡಿದು ನಿಮ್ಮ ಡಾಕ್ಟರ್ ಹತ್ತಿರ ಹೋಗಿ.

ಕಡಿಮೆ ಇದ್ದರೂ ಒಮ್ಮೆ ಹೋಗಲೇಬೇಕು, ಯಾಕಂದ್ರೆ ಅಪ್ಪನಿಗೆ 55ರ ಒಳಗೇ ಅಟ್ಯಾಕ್ ಆಗಿದೆ. ಆ ವಯಸ್ಸನ್ನು ಮರೆಯದೆ ಹೇಳಿ. ಕೊಲೆಸ್ಟ್ರಾಲ್, ಸಕ್ಕರೆ ಎರಡೂ ಪರೀಕ್ಷೆ ಆಗಲಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಸುಮಾರು ಒಂದು ಟೀ ಚಮಚ, ಎಲ್ಲ ಸೇರಿ. ಅಡುಗೆಗೆ ಕಡಿಮೆ ಹಾಕಿ ಪ್ಯಾಕೆಟ್ ತಿಂಡಿ ತಿಂದರೆ ಏನು ಬಂತು, ಅಲ್ವಾ? ಪ್ಯಾಕೆಟ್ ಹಿಂದೆ ಸೋಡಿಯಂ ಅಂತ ಬರೆದಿರುತ್ತೆ, ಅದನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು! ರಾತ್ರಿ 7 ಗಂಟೆಯಾದರೂ ನಿದ್ದೆ ಮಾಡಿ. ಸಿಗರೇಟ್ ಇದ್ದರೆ ಇವತ್ತೇ ಬಿಡಿ, ಅದರಲ್ಲಿ ಚೌಕಾಸಿ ಇಲ್ಲ.

ಇನ್ನೊಂದು ಮಾತು. ನಡೆಯುವಾಗ ಎದೆ ಹಿಡಿದಂತಾಗಿ, ನಿಂತ ಮೇಲೆ ಸರಿಹೋದರೆ ಗ್ಯಾಸ್ ಅಂತ ತಳ್ಳಿಹಾಕದೆ ತಡಮಾಡದೆ ತೋರಿಸಿ. ಕೂತಾಗಲೂ ಎದೆ ಬಿಗಿದು, ಬೆವರು ಬಂದು, ನೋವು ಕೈಗೋ ದವಡೆಗೋ ಹರಡಿದರೆ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ, ಕೂಡಲೇ ಆಂಬುಲೆನ್ಸ್ ಕರೆಸಿ.