ಐದು ಎಸೆದು ಎಂಟಕ್ಕೆ ಹೊಂಚು: ಮಾಜಾಂಗ್ ಪ್ರಶ್ನೋತ್ತರ

ಪ್ರಶ್ನೆ: ಮಾಜಾಂಗ್ ಆನಿಮೆಗಳಲ್ಲಿ ಎದುರಿನವರು ಬೇಕಾದ ಬಿಲ್ಲೆಯನ್ನೇ ಎಸೆದರೂ ಕೆಲವೊಮ್ಮೆ ಆಟಗಾರ ಗೆದ್ದೆ ಅನ್ನುವುದಿಲ್ಲ. ‘ಫುರಿಟೆನ್’ ಅಂತ ಸಬ್‌ಟೈಟಲ್ ಬರುತ್ತದೆ. ಏನಿದು? ನಮಗೆ ರಮ್ಮಿ ಮಾತ್ರ ಗೊತ್ತು.
– ಓದುಗರೊಬ್ಬರು, ಅರಸೀಕೆರೆ

ಉತ್ತರ: ರಮ್ಮಿ ಬಂದರೆ ಅರ್ಧ ಕಲಿತ ಹಾಗೆ. ಕೈಯಲ್ಲಿ 13 ಬಿಲ್ಲೆ, ಒಂದು ಎಳೆದು ಒಂದು ಎಸೆಯುವುದು. ಮೂರು ಮೂರರ ನಾಲ್ಕು ಗುಂಪು, ಒಂದು ಜೋಡಿ ಕೂಡಿದರೆ ಆಟ. ಆದರೆ ಎಸೆದದ್ದು ಇಲ್ಲಿ ರಾಶಿಯಲ್ಲಿ ಕಳೆದುಹೋಗುವುದಿಲ್ಲ. ಅವರವರ ಮುಂದೆ ಸಾಲಿಗೆ ಆರರಂತೆ, ಎಸೆದ ಕ್ರಮದಲ್ಲೇ ಕೂರುತ್ತದೆ. ನಿಮ್ಮ ಆಟ ಮುಗಿಸಬಲ್ಲ ಬಿಲ್ಲೆ ಒಂದಾದರೂ ನಿಮ್ಮದೇ ಸಾಲಿನಲ್ಲಿದ್ದರೆ ಬೇರೆಯವರು ಎಸೆದದ್ದರಿಂದ ಗೆಲ್ಲುವಂತಿಲ್ಲ. ಅದೇ ಫುರಿಟೆನ್. ಗೋಡೆಯಿಂದ, ಅಂದರೆ ಮುಚ್ಚಿ ಜೋಡಿಸಿಟ್ಟ ಬಿಲ್ಲೆಗಳ ಸಾಲಿನಿಂದ, ತಾನೇ ಎಳೆದುಕೊಂಡರಷ್ಟೇ ಗೆಲುವು. 4 ಅಥವಾ 7 ಬೇಕಿದ್ದು, ಹಿಂದೆ 4 ಎಸೆದಿದ್ದರೆ 7 ಬಿದ್ದರೂ ಸುಮ್ಮನಿರಬೇಕು. ಹೊಸಬರು ಎಡವುವುದು ಇಲ್ಲೇ.

ಕಥೆಗಾರರಿಗೆ ಈ ನಿಯಮವೇ ಹಬ್ಬ. ಒಬ್ಬ 5 ಎಸೆದು ‘ರೀಚಿ’ ಅಂದ ಅನ್ನಿ. ಅಂದರೆ ಇನ್ನೊಂದೇ ಬಿಲ್ಲೆ ಬಾಕಿ ಎಂದು ಸಾರಿ 1,000 ಅಂಕದ ಕಡ್ಡಿ ಇಟ್ಟ. ಅವನ ಕೈಯಲ್ಲಿ 6-7 ಇದ್ದು 5-8ಕ್ಕೆ ಕಾಯುತ್ತಿದ್ದರೆ ಫುರಿಟೆನ್ ಆಗುತ್ತಿತ್ತು, ಹಾಗಾಗಿ 8 ಎಸೆದರೆ ಅಪಾಯ ಕಡಿಮೆ ಎಂದು ಎದುರಾಳಿ ಎಣಿಸುತ್ತಾನೆ. ಎಣಿಕೆ ತಪ್ಪಲ್ಲ. ಆದರೆ ಅವನ ಬಳಿ 5-7-9 ಇದ್ದು, 5 ಬಿಟ್ಟು ನಡುವಿನ 8ಕ್ಕೆ ಕೂತಿದ್ದರೆ? ಸಿಕ್ಕಿಬಿದ್ದಂತೆ. ಮಾಂಗಾ (ಜಪಾನಿ ಕಾಮಿಕ್ಸ್) ನಾಯಕರು ಇದಕ್ಕಾಗಿ ಎರಡು ಕಡೆಯಿಂದ ಕೂಡುವ ಕೈಯನ್ನೂ ಮುರಿಯುತ್ತಾರೆ. ಆಗ ಗೆಲ್ಲಿಸುವ ಬಿಲ್ಲೆ 8ರಿಂದ 4ಕ್ಕೆ ಇಳಿಯುತ್ತದೆ. ನೀವು ಹಾಗೆ ಮಾಡಬೇಡಿ.

‘ಅಕಾಗಿ’ ಎಂಬ ಮಾಜಾಂಗ್ ಮಾಂಗಾದ ವಾಶಿಜು ಪಂದ್ಯದಲ್ಲಂತೂ ಪ್ರತಿ ಬಗೆಯ ನಾಲ್ಕು ಬಿಲ್ಲೆಯಲ್ಲಿ ಮೂರು ಪಾರದರ್ಶಕ, ಒಟ್ಟು 136ರಲ್ಲಿ 102. ಬಲೆ ಹೂಡಬೇಕೆಂದರೆ ಆ 7, 9ರಲ್ಲಿ ಒಂದಾದರೂ ಕಾಣದ ಬಿಲ್ಲೆಯಾಗಿರಬೇಕು. ಒಂದೇ ಪಂದ್ಯವನ್ನು ವರ್ಷಗಟ್ಟಲೆ ಎಳೆದರೂ ಓದುಗರು ಬಿಡದೆ ಓದಿದ್ದು ಸುಮ್ಮನೆ ಅಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ 144 ಬಿಲ್ಲೆಯ ಚೀನಾ ಸೆಟ್ ತರಿಸಿದ್ದೇವೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಜಪಾನಿ ಆಟ ಆಡಬಹುದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಧಾರಾಳವಾಗಿ. ಹೂವು, ಋತುಗಳ 8 ಬಿಲ್ಲೆ ತೆಗೆದಿಡಿ. ನಾಲ್ವರೂ ಎರಡಂತಸ್ತಿನಲ್ಲಿ 17 ಜೋಡಿಯ ಗೋಡೆ ಕಟ್ಟಬೇಕು. ಎಲ್ಲರಿಗೂ 18 ಬಂದರೆ ಹೂವು ತೆಗೆದಿಲ್ಲ ಅಂತ. ಚೀನಾ ಬಿಲ್ಲೆ ದೊಡ್ಡದು, ಆದ್ದರಿಂದ ಒಂದರ ಅಗಲವನ್ನು 17ರಿಂದ ಗುಣಿಸಿ, ಟೇಬಲ್ ಸಾಲುತ್ತದೋ ನೋಡಿ. ಕಡ್ಡಿ ಇಲ್ಲದಿದ್ದರೆ ರಟ್ಟು ಕತ್ತರಿಸಿ: ತಲಾ 10,000ದ್ದು 1, 5,000ದ್ದು 2, 1,000ದ್ದು 4, 100ರದ್ದು 10, ಒಟ್ಟು 25,000. ಗೆಲುವಿಗೆ ಹೆಚ್ಚುವರಿ ಬೆಲೆ ತರುವ ‘ಕೆಂಪು ಐದು’ ಬೇಕಿದ್ದರೆ ಪ್ರತಿ ಬಣ್ಣದ ಒಂದು 5ರ ಮುಖಕ್ಕೆ ಮಾರ್ಕರ್ ಗುರುತು ಹಾಕಿ. ನೇಲ್ ಪಾಲಿಶ್ ಬೇಡ, ಉಬ್ಬು ಬೆರಳಿಗೆ ಸಿಗುತ್ತದೆ, ಎಳೆಯುವಾಗಲೇ ಗುಟ್ಟು ರಟ್ಟು.

ಜಗಳ ಬರುವುದು ಬೇರೆ ಕಡೆ. ಇತರರು ಎಸೆದದ್ದನ್ನು ‘ಪೊನ್’, ‘ಚೀ’ ಎಂದು ಎತ್ತಿಕೊಂಡರೆ ರೀಚಿ ಹೇಳುವಂತಿಲ್ಲ. ಆಮೇಲೆ ಗುಂಪೆಲ್ಲ ಕೂಡಿದರೂ ‘ಯಾಕು’, ಅಂದರೆ ನಿಯಮ ಒಪ್ಪುವ ವಿನ್ಯಾಸ, ಒಂದಾದರೂ ಇಲ್ಲದಿದ್ದರೆ ಗೆಲುವಿಲ್ಲ. ಶುರುವಿನಲ್ಲಿ ಎತ್ತಿಕೊಳ್ಳುವ ಗೋಜಿಗೇ ಹೋಗಬೇಡಿ.

ಪ್ರಶ್ನೆ: ‘ಸಾಕಿ’ ಮಾಂಗಾದ ಹುಡುಗಿ ಸೊನ್ನೆಗೇ ಆಟ ಮುಗಿಸುತ್ತಾಳೆ. 25,000 ಇಟ್ಟುಕೊಂಡು ಸೊನ್ನೆ ಹೇಗೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಶುರುವಿಗೆ ಕೊಡುವುದು 25,000, ಕೊನೆಗೆ ಲೆಕ್ಕ ಹಾಕುವುದು 30,000ಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು. ಸಾವಿರಕ್ಕೆ ಸರಿಹೊಂದಿಸುವಾಗ 500ರವರೆಗಿನದು ಬಿಡುತ್ತದೆ, 600ರಿಂದ ಮೇಲಿನದು ಏರುತ್ತದೆ. ಹಾಗಾಗಿ 29,600ರಿಂದ 30,500ರವರೆಗೆ ಎಲ್ಲವೂ ಸೊನ್ನೆಯೇ. ಅಂಕವೆಲ್ಲ ನೂರರ ಲೆಕ್ಕದಲ್ಲಿರುವುದರಿಂದ ಗುರಿ ಬರೀ ಹತ್ತು ಸಂಖ್ಯೆ. ಬೇಕೆಂದೇ ಅಲ್ಲಿ ನಿಲ್ಲುವುದು ಗೆಲ್ಲುವುದಕ್ಕಿಂತ ಕಷ್ಟ. 2018ರಲ್ಲಿ ಶುರುವಾದ ವೃತ್ತಿಪರರ ಎಂ.ಲೀಗಿನಲ್ಲೂ 25,000 ಕೊಟ್ಟು 30,000ಕ್ಕೆ ಹೋಲಿಸಿಯೇ ಲೆಕ್ಕ, ಆದರೆ ನೂರುಗಳನ್ನು ಬಿಡುವುದಿಲ್ಲ. ಸಾಕಿಗಿರುವ ಈ ರಿಯಾಯಿತಿ ಅಲ್ಲಿ ಸಿಗದು.