ಓದುಗರ ಪ್ರಶ್ನೆ: ಸೂಜಿಯ ಚಟ, ಮೆಥಡೋನ್, ಎಚ್‌ಐವಿ

ಪ್ರಶ್ನೆ: ತಮ್ಮ ಹೆರಾಯಿನ್ ಚುಚ್ಚಿಕೊಳ್ತಾನ. ‘ನನ್ನ ಸಿರಿಂಜ್ ಬ್ಯಾರೆ ಐತಿ, ಎಚ್‌ಐವಿ ಬರೂದಿಲ್ಲ’ ಅಂತಾನ. ಹೆರಾಯಿನ್ ಬದಲಿಗೆ ಕೊಡೋ ಔಷಧ ಮೆಥಡೋನ್ ಕೊಡಿಸಿದ್ರ ಒಂದು ಚಟ ಹೋಗಿ ಇನ್ನೊಂದು ಬಂದಂಗ ಆಗೂದಿಲ್ಲೇನ್ರಿ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸಿರಿಂಜ್ ಬೇರೆಯಿರಬಹುದು; ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ನೀರು? ಅವನ್ನು ಹಂಚಿಕೊಂಡರೂ ಒಬ್ಬನ ರಕ್ತ ಇನ್ನೊಬ್ಬನ ಸಿರಿಂಜ್ ಸೇರುತ್ತದೆ. ಹೆಪಟೈಟಿಸ್-ಸಿ (ಯಕೃತ್ತಿನ ಸೋಂಕು) ಅಂತೂ ಈ ದಾರಿಯಲ್ಲಿ ಎಚ್‌ಐವಿಗಿಂತ ಬೇಗ ಹರಡುತ್ತದೆ. ಎರಡನ್ನೂ ಪರೀಕ್ಷೆ ಮಾಡಿಸಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಲಹೆ ಮತ್ತು ಪರೀಕ್ಷಾ ಕೇಂದ್ರ) ಉಚಿತ. ವರದಿ ನೆಗೆಟಿವ್ ಬಂದರೂ ಮೂರು ತಿಂಗಳ ಮೇಲೆ ಮತ್ತೊಮ್ಮೆ ಬೇಕು. ನಿನ್ನೆ ಮೊನ್ನೆ ಸೂಜಿ ಹಂಚಿಕೊಂಡಿದ್ದರೆ ಕಾಯಬೇಡಿ: ಎಚ್‌ಐವಿ ತಡೆ ಔಷಧ 72 ತಾಸಿನೊಳಗೆ ಶುರುವಾಗಬೇಕು, 28 ದಿನ ನುಂಗಬೇಕು.

ಇನ್ನು ಚಟದ ಮಾತು. ಹೆರಾಯಿನ್ ಇಳಿದಂತೆ ಮೈನೋವು, ಭೇದಿ ಶುರು. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ಸೂಜಿ. ಮೆಥಡೋನ್ ಕುಡಿಯುವ ಔಷಧ, ಸರಿಯಾದ ಪ್ರಮಾಣದಲ್ಲಿ ಒಂದು ಸಲ ಕುಡಿದರೆ ಇಡೀ ದಿನ ತಡೆಯುತ್ತದೆ. ದೇಹಕ್ಕೆ ಅದರ ಅವಲಂಬನೆ ಇದ್ದೇ ಇರುತ್ತದೆ, ಮುಚ್ಚಿಡುವುದಿಲ್ಲ. ಆದರೆ ಆ ಮನುಷ್ಯ ಸೂಜಿ ಬಿಟ್ಟು ಕೆಲಸಕ್ಕೆ ಹೋಗಬಲ್ಲ.

ಕೆಡುವುದು ಪ್ರಮಾಣದಲ್ಲಿ. ಶುರು ಸಾಮಾನ್ಯವಾಗಿ 15–30 ಮಿಲಿಗ್ರಾಂ. ನಿಧಾನ ಏರಿಸಿದ ಮೇಲೆ ಬಹುತೇಕರಿಗೆ 60–120 ಬೇಕಾಗುತ್ತದೆ. ‘ಇಷ್ಟ್ಯಾಕ್ರಿ?’ ಎಂದು ಮನೆಯವರೇ 40ಕ್ಕೆ ನಿಲ್ಲಿಸಿದರೆ ಮರುದಿನದ ಡೋಸಿಗೆ ಮುಂಚೆಯೇ ನೋವು ಮರಳಿ, ಹುಡುಗ ಸೂಜಿ ಹುಡುಕುತ್ತಾನೆ. ಅವಸರದಲ್ಲಿ ಏರಿಸುವುದೂ ತಪ್ಪು: ಔಷಧ ಮೈಯಲ್ಲಿ ದಿನದಿನಕ್ಕೆ ಕೂಡುತ್ತ ಹೋಗುವುದರಿಂದ ಮೊದಲ ಎರಡು ವಾರ ಅಪಾಯ ಹೆಚ್ಚು. ಜೊತೆಗೆ ಸಾರಾಯಿ, ನಿದ್ದೆ ಮಾತ್ರೆ ಸೇರಿದರೆ ಉಸಿರೇ ನಿಲ್ಲಬಹುದು. ಟಿಬಿಗೆ ರಿಫಾಂಪಿಸಿನ್ ನಡೆದಿದ್ದರೆ ತಪ್ಪದೆ ಹೇಳಿ, ಅದು ಮೆಥಡೋನ್ ಬಲ ಇಳಿಸುತ್ತದೆ. ಥಟ್ಟನೆ ಬಿಡಿಸಲೂಬೇಡಿ, ಬಿಟ್ಟವನ ಮೈಗೆ ತಾಳಿಕೆ ಇಳಿದಿರುತ್ತದೆ, ಮತ್ತೆ ಹಳೇ ಅಳತೆಯ ಹೆರಾಯಿನ್ ಚುಚ್ಚಿಕೊಂಡರೆ ಅದೇ ಪ್ರಾಣ ತೆಗೆದೀತು.

ನಮ್ಮ ದೇಶದಲ್ಲಿ ಮೆಥಡೋನ್‌ಗಿಂತ ಇದೇ ಕೆಲಸದ ಬ್ಯುಪ್ರೆನಾರ್ಫಿನ್ ಮಾತ್ರೆಯೇ ಹೆಚ್ಚು ಬಳಕೆಯಲ್ಲಿದೆ. ಇದನ್ನು ಕೊಡುವ ಹತ್ತಿರದ ಕೇಂದ್ರ ಯಾವುದೆಂದು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ವೈದ್ಯರನ್ನೂ ಕಾಣಬಹುದು.

ಪ್ರಶ್ನೆ: ಬ್ಯುಪ್ರೆನಾರ್ಫಿನ್ ಮೊದಲ ಮಾತ್ರೆ ಕೊಟ್ಟು ತಾಸಾಗಿರಲಿಲ್ಲ, ಮಗನಿಗೆ ವಾಂತಿ, ನಡುಕ. ಔಷಧ ಒಗ್ಗಲಿಲ್ಲವೇ?
— ಒಬ್ಬ ತಾಯಿ, ಹಾವೇರಿ

ಉತ್ತರ: ಮೈಯಲ್ಲಿ ಹೆರಾಯಿನ್ ಇರುವಾಗಲೇ ಮಾತ್ರೆ ಬಿದ್ದಿರಬೇಕು. ಅದು ಹೆರಾಯಿನ್ ಅನ್ನು ಒಮ್ಮೆಲೇ ಸರಿಸಿ ತಾನು ಕೂರುತ್ತದೆ, ಆದರೆ ಹೆರಾಯಿನ್‌ನಷ್ಟು ಬಲವಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿಯೇ ಈ ವಾಂತಿ, ನಡುಕ. ಕೊನೆಯ ಚುಚ್ಚಿನಿಂದ 8–12 ತಾಸು ಕಳೆದು, ಆಕಳಿಕೆ, ಮೂಗು ಸೋರುವುದು, ರೋಮ ನಿಮಿರುವುದು ಕಂಡ ಮೇಲೆಯೇ ಮೊದಲ ಮಾತ್ರೆ. ನಾಲಿಗೆ ಕೆಳಗಿಟ್ಟು ಕರಗಲು ಬಿಡಬೇಕು, ನುಂಗಿದರೆ ಹೆಚ್ಚಿನ ಪಾಲು ವ್ಯರ್ಥ. ಇಂದೇ ಕೇಂದ್ರಕ್ಕೆ ಕರೆದೊಯ್ಯಿರಿ. ಕೊನೆಯ ಸಲ ಎಷ್ಟು ಹೊತ್ತಿಗೆ ಚುಚ್ಚಿಕೊಂಡಿದ್ದ ಎಂಬುದನ್ನು, ನಿಮ್ಮೆದುರು ಆಗದಿದ್ದರೆ, ನರ್ಸ್ ಹತ್ತಿರ ಒಬ್ಬನೇ ಹೇಳಲಿ.