ಮಿಲ್ಲು ನಡೀತಿದೆ, ಯಜಮಾನರು ಮಾತ್ರ ಒಳಗೆ ಹೋಗಲ್ಲ

(ಹೆಸರು ಮತ್ತು ಗುರುತು ಸಿಗುವ ವಿವರ ಬದಲಿಸಿದ್ದೇನೆ. ಬರೆಯಲು ಗಂಡ, ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ಶಿವಣ್ಣ ಅನ್ನೋಣ. ವಯಸ್ಸು ನಲವತ್ತು ದಾಟಿದೆ. ಹಾಸನದ ಕಡೆ ಒಂದು ಹೋಬಳಿ ಊರಿನಲ್ಲಿ ಹಿಟ್ಟಿನ ಮಿಲ್ಲು ಇದೆ. ರಾಗಿ, ಅಕ್ಕಿ ಬೀಸಲು ಒಂದು ಕಲ್ಲು, ಖಾರದಪುಡಿಗೆ ಬೇರೆ ಮಿಷನ್ನು. ಮುದ್ರಾ ಸಾಲದಲ್ಲಿ ಹೊಸ ಮೋಟಾರು ಹಾಕಿಸಿದ್ದರು. ಒಂದು ಸಂಜೆ ಓಡುತ್ತಿದ್ದ ಬೆಲ್ಟು ಜಾರಿತು ಅಂತ ಸರಿಮಾಡಲು ಹೋದರು. ಬಲಗೈ ಪುಲ್ಲಿಗೆ ಸಿಕ್ಕಿತು. ಹೆಬ್ಬೆರಳು ಉಳಿಯಿತು, ನಾಲ್ಕು ಬೆರಳು ಹೋದವು.

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಅವರನ್ನು ಕರೆತಂದವರು ಹೆಂಡತಿ. "ಮಾತಾಡಲ್ಲ ಮೇಡಂ. ಮಾತಾಡಿದ್ರೆ ಜಗಳ. ಮಿಲ್ಲು ಮಾರಿಬಿಡ್ತೀನಿ ಅಂತಾರೆ." ಹಾಗಾದರೆ ಮಿಲ್ಲು ಮುಚ್ಚಿರಬೇಕು ಅಂದುಕೊಂಡೆ. ಇಲ್ಲ, ಚೆನ್ನಾಗಿಯೇ ನಡೆಯುತ್ತಿತ್ತು. ಆಸ್ಪತ್ರೆಯಿಂದ ಬಂದ ಸ್ವಲ್ಪ ದಿನಕ್ಕೇ ಆಕೆ ತಮ್ಮನನ್ನು ಕರೆಸಿಕೊಂಡು ಬಾಗಿಲು ತೆಗೆದಿದ್ದರು. ಗಿರಾಕಿಗಳೂ ಬರುತ್ತಿದ್ದರು.

ಗಂಟು ಇದ್ದದ್ದು ಇಲ್ಲೇ. ಹೆಂಡತಿಯನ್ನು ಹೊರಗೆ ಕೂರಿಸಿದ ಮೇಲೆ ಶಿವಣ್ಣ ಒಂದೇ ಮಾತು ಹೇಳಿದರು: "ಇಷ್ಟು ವರ್ಷ ನಾನು ಮಾಡಿದ್ದನ್ನ ಇವರು ನಾಲ್ಕು ದಿನದಲ್ಲಿ ಕಲ್ತುಬಿಟ್ರು. ಹಾಗಾದ್ರೆ ನಾನ್ ಮಾಡ್ತಿದ್ದದ್ದಾದ್ರೂ ಏನು?"

ಸಣ್ಣ ವ್ಯಾಪಾರದವರಿಗೆ ಏಟು ಬಿದ್ದರೆ ನಾವೆಲ್ಲ ಮೊದಲು ಕೇಳುವುದು "ಅಂಗಡಿ ಕಥೆ ಏನು?" ಅಂತ. ಅಂಗಡಿ ನಿಂತರೆ ಚಿಂತೆ, ನಡೆದರೆ ಸಮಾಧಾನ. ನಡೆದರೂ ನೋವಾಗುತ್ತೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಹೊಟ್ಟೆಕಿಚ್ಚು ಅಂದುಕೊಂಡಾರು ಅಂತ ಇವರು ಜಗಳವಾಡುತ್ತಿದ್ದರು. ಅದು ಹೊಟ್ಟೆಕಿಚ್ಚಲ್ಲ, ಕೈ ಹೋದ ದುಃಖದ ಇನ್ನೊಂದು ಮುಖ ಅಂತ ಮೊದಲು ಅವರಿಗೆ ಹೇಳಿದೆ. ಆಮೇಲೆ ಅವರ ಒಪ್ಪಿಗೆ ಪಡೆದು ಹೆಂಡತಿಗೂ ಹೇಳಿದೆ. ಆಕೆ ಅತ್ತರು. "ನಾನು ಮುಚ್ಚಿದ್ರೆ ಕಂತು ಯಾರು ಕಟ್ತಿದ್ರು?" ಅಂದರು. ಅದೂ ನಿಜ ಅಲ್ವಾ?

ಇನ್ನೊಂದು ವಿಷಯ ಮುಚ್ಚಿಟ್ಟಿದ್ದರು. ಇಲ್ಲದ ಬೆರಳು ರಾತ್ರಿ ನವೆಯಾಗುತ್ತಿತ್ತು, ಕೆಲವು ಸಲ ಮುಷ್ಟಿ ಬಿಗಿದ ಹಾಗೆ ಸೆಳೆಯುತ್ತಿತ್ತು. ತಲೆ ಕೆಟ್ಟಿದೆ ಅಂದಾರು ಅಂತ ಹೆದರಿ ಡಾಕ್ಟರ ಹತ್ತಿರವೂ ಹೇಳಿರಲಿಲ್ಲ. ಬೆರಳು ಹೋದರೂ ಮಿದುಳಿನಲ್ಲಿ ಆ ಬೆರಳಿನ ಜಾಗ ಹಾಗೇ ಇರುತ್ತೆ, ಕೈಕಾಲು ಕಳೆದುಕೊಂಡ ಬಹಳ ಜನಕ್ಕೆ ಹೀಗಾಗುತ್ತೆ, ಇದಕ್ಕೆ ಔಷಧಿ ಇದೆ, ಕನ್ನಡಿ ಇಟ್ಟು ಮಾಡಿಸುವ ವ್ಯಾಯಾಮವೂ ಇದೆ ಅಂತ ವಿವರಿಸಿ, ವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಆವತ್ತು ಅವರ ಭುಜ ಸ್ವಲ್ಪ ಸಡಿಲವಾಯಿತು.

ನಿದ್ದೆ ಇಲ್ಲ, ಬೆಲ್ಟಿನ ಸದ್ದು ಕೇಳಿದರೆ ಬೆವರು, ಮಿಲ್ಲಿನ ದಾರಿ ಬಿಟ್ಟು ಸುತ್ತಿ ಹೋಗುವುದು, ಇವೂ ಇದ್ದವು. ಇಂಥದ್ದು ಶುರುವಿನಲ್ಲಿ ಸಹಜ. ಒಂದು ತಿಂಗಳು ಕಳೆದರೂ ಇಳಿಯದಿದ್ದರೆ ಮನೋವೈದ್ಯರು ನೋಡಲೇಬೇಕು. ಇವರನ್ನೂ ಕಳಿಸಿದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ ಅಂತ ನಂಬರನ್ನು ಹೆಂಡತಿಯ ಮೊಬೈಲಿನಲ್ಲೂ ಹಾಕಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಾರುವ ಮಾತಿಗೆ ಬೇಡ ಅನ್ನಲಿಲ್ಲ. "ಮಾರಿ, ಆದರೆ ಈಗಲ್ಲ. ನಿದ್ದೆ ಸರಿಯಾಗೋವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ" ಅಂದೆ. ಆದರೆ ಕೆಲವಕ್ಕೆ ಗಡುವು ಇರುತ್ತೆ, ಅವು ನಿಮ್ಮ ನಿದ್ದೆಗೆ ಕಾಯುವುದಿಲ್ಲ. ಆ ಪಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟೆ.

ಮೊದಲನೆಯದು ಬ್ಯಾಂಕು. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಕೆಟ್ಟ ಸಾಲದ ಲೆಕ್ಕಕ್ಕೆ ಹೋಗುತ್ತೆ. ತಪ್ಪಿದ ಮೇಲೆ ಮುಖ ಮರೆಸಿಕೊಳ್ಳುವ ಬದಲು ಮುಂಚೆಯೇ ಆಸ್ಪತ್ರೆಯ ಕಾಗದ ಹಿಡಿದು ಮ್ಯಾನೇಜರನ್ನು ನೋಡಿ, ಕಂತು ಇಳಿಸಿ ಅವಧಿ ಹೆಚ್ಚಿಸಲು ಬರವಣಿಗೆಯಲ್ಲಿ ಕೇಳಿ ಅಂದೆ. ಪಾಸ್‌ಬುಕ್ ತಿರುವಿ ಹಾಕುವಾಗ ಮೇ ತಿಂಗಳ ಕೊನೆಯಲ್ಲಿ 20 ರೂಪಾಯಿ ಕಡಿತವಾದ ಸಾಲು ಸಿಕ್ಕಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅನ್ನುವ ಅಪಘಾತ ವಿಮೆಯ ವರ್ಷದ ಕಂತು ಅದು. ಇಬ್ಬರಿಗೂ ಅದರ ನೆನಪೇ ಇರಲಿಲ್ಲ! ಅಪಘಾತದಲ್ಲಿ ಒಂದು ಕೈಯ ಬಳಕೆ ಪೂರ್ತಿ ಹೋದರೆ ಅದರಲ್ಲಿ 1 ಲಕ್ಷ ಪರಿಹಾರವಿದೆ. ಹೆಬ್ಬೆರಳು ಉಳಿದಿರುವುದರಿಂದ ಡಾಕ್ಟರ ಸರ್ಟಿಫಿಕೇಟಿನ ಮೇಲೆ ನಿಂತಿದೆ. ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ, ಅರ್ಜಿ ಮಾತ್ರ ಇವತ್ತೇ ಕೊಡಿ ಅಂದೆ. ಅಂಗವಿಕಲತೆಯ ಕಾರ್ಡಿಗೂ ಅರ್ಜಿ ಹಾಕಿಸಿದೆ. 40% ಅಥವಾ ಹೆಚ್ಚು ಅಂತ ಬಂದರೆ ಕೆಲವು ಸವಲತ್ತು ಸಿಗುತ್ತವೆ.

ಒಂದು ಮಾತು ಸೇರಿಸಲೇಬೇಕು. ಅದೇ ಬೆಲ್ಟಿಗೆ ಕೂಲಿಯಾಳಿನ ನಾಲ್ಕು ಬೆರಳು ಹೋಗಿದ್ದರೆ ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ದುಡಿಯುವ ಶಕ್ತಿ 50% ನಷ್ಟ ಅಂತ ಲೆಕ್ಕ ಇದೆ, ಮಾಲೀಕ ಕೊಡಬೇಕು. ಮಾಲೀಕನೇ ಆಳೂ ಆಗಿರುವ ಇಂಥ ಮಿಲ್ಲಿನಲ್ಲಿ ಯಾರು ಯಾರಿಗೆ ಕೊಡಬೇಕು?

ಮಿಲ್ಲಿಗೆ ಮರಳುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿದೆವು. ಬೆಲ್ಟಿಗೆ ಜಾಲರಿ ಹಾಕಿಸುವುದು ನನ್ನ ಮೊದಲ ಷರತ್ತು. ಆಮೇಲೆ ಮೋಟಾರು ನಿಂತಿರುವಾಗ ಒಳಗೆ ಹೋಗಿ ಕೂರುವುದು. ಆಮೇಲೆ ಮಿಲ್ಲು ಓಡುವಾಗ ಹೊರಗಿನ ಜಗಲಿ, ಭಯ ಇಳಿಯುವವರೆಗೆ ಅಲ್ಲೇ. ಬಂದವರೆಲ್ಲ "ಹೆಂಗಾಯ್ತು ಶಿವಣ್ಣ?" ಅಂತ ಮೊದಲಿಂದ ಕಥೆ ಹೇಳಿಸುತ್ತಿದ್ದರು. "ಆಯ್ತು ಬಿಡಿ, ರಾಗಿ ಕೊಡಿ" ಅನ್ನುವ ಒಂದೇ ಉತ್ತರ ಅಭ್ಯಾಸ ಮಾಡಿಸಿದೆ.

ಕೆಲಸ ತಾನಾಗಿ ಸಿಕ್ಕಿತು. ಬಾಮೈದ ಕಲ್ಲು ಬಿಗಿ ಮಾಡಿ ಬೀಸುತ್ತಿದ್ದ. ಹಿಟ್ಟು ಬಿಸಿಯಾಗಿ, ಸೀದ ವಾಸನೆ ಬರುತ್ತಿತ್ತು. ಜಗಲಿಯಿಂದಲೇ ಮೂಗಿಗೆ ಬಡಿದು ಶಿವಣ್ಣ ಎದ್ದು ಒಳಗೆ ಹೋದರು. ಎಡಗೈಯಲ್ಲಿ ಚಿಟಿಕೆ ಹಿಟ್ಟು ಉಜ್ಜಿ ನೋಡಿದರು. ತಿಳಿಯಲಿಲ್ಲ, ಇಷ್ಟು ವರ್ಷ ಹದ ನೋಡಿದ್ದು ಬಲಗೈ. ಮತ್ತೆ ಉಜ್ಜಿ, ನಾಲಿಗೆಗೆ ಹಾಕಿ, "ಕಲ್ಲು ಸಡಿಲಿಸೋ" ಅಂದರಂತೆ. ಈಗ ದಿನಾ ಬೆಳಗ್ಗೆ ಮೊದಲ ಹಿಟ್ಟಿನ ಹದ ನೋಡುವುದು, ಗಿರಾಕಿ ಲೆಕ್ಕ ನೋಡುವುದು ಅವರದು. ಮಿಷನ್ನು ಬಾಮೈದನದು, ದುಡ್ಡು ಹೆಂಡತಿಯದು.

ಜಗಳ ನಿಂತಿಲ್ಲ. ಬಾಮೈದನಿಗೆ ಸಂಬಳವೋ ಪಾಲೋ ಅನ್ನುವುದು ಈಗಿನ ತಕರಾರು. ಮುಂದಿನ ಸಲ ಮೂವರೂ ಬನ್ನಿ ಅಂದಿದ್ದೇನೆ.